ಕಾಲಿಗೆ ಸಾಲುವಷ್ಟು ದಾರಿ

ನನ್ನ ಕೈಯಲ್ಲಿದ್ದ ನಕ್ಷೆಯ ಪ್ರಕಾರ ರಸ್ತೆ ಇನ್ನೂ ಮುಂದಕ್ಕೆ ಹೋಗಬೇಕಿತ್ತು. ಎದುರಿಗೆ ಗೋಡೆ ಇತ್ತು. ನನ್ನ ತಲೆಗಿಂತ ಎತ್ತರದ ಸಿಮೆಂಟ್ ಇಟ್ಟಿಗೆಯ ಗೋಡೆ. ಮೇಲೆ ಗಾಜಿನ ಚೂರುಗಳನ್ನು ಸಾಲಾಗಿ ನೆಟ್ಟಿದ್ದರು. ಪಕ್ಕದ ಮನೆಯ ನುಗ್ಗೆಗಿಡ ಅದರ ಮೇಲೆ ಬಾಗಿಕೊಂಡಿತ್ತು. ಉಪಗ್ರಹದ ಚಿತ್ರದಲ್ಲಿ ಆ ಗಿಡದ ನೆರಳಷ್ಟೇ ಕಂಡಿದ್ದರಿಂದ, ಕಚೇರಿಯಲ್ಲಿ ಕೂತು ನಾನು ಎರಡೂ ಕಡೆಯ ರಸ್ತೆಗಳನ್ನು ಒಂದೇ ಗೆರೆಯಾಗಿ ಎಳೆದಿದ್ದೆ. ಪೆನ್ಸಿಲ್ ತೆಗೆದು ಅಲ್ಲೊಂದು ಅಡ್ಡ ಗೀಟು ಹಾಕುತ್ತಿದ್ದಾಗ ಗೋಡೆಯ ಆಚೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ನಾಲ್ಕೈದು ಜನ ಒಟ್ಟಿಗೆ ಕೂತು ಬಡಿಯುತ್ತಿರಬೇಕು. ಬೆಳಗಿನ ಹೊತ್ತು, ನನಗೆ ಹಸಿವೂ ಆಗಿತ್ತು. ಆ ಸದ್ದಿನ ಹತ್ತಿರ ಹೋಗಲು ಎಷ್ಟು ಸುತ್ತಬೇಕೆಂದು ನೋಡೋಣ ಅಂತ ಸ್ಕೂಟರ್ ತಿರುಗಿಸಿದೆ.

ಸಾಂಗಲಿಯ ಒಂದು ಸಣ್ಣ ನಗರಯೋಜನಾ ಕಚೇರಿಯಲ್ಲಿ ನನಗೆ ಕೆಲಸ. ಸಾಂಗಲಿ, ಮಿರಜ, ಕುಪವಾಡ ಸೇರಿದ ಪಾಲಿಕೆಯ ಒಂದು ಭಾಗಕ್ಕೆ ರಸ್ತೆಗಳ ಕರಡು ಯೋಜನೆ ಮಾಡಿಕೊಡುವ ಹೊಣೆ ನಮಗೆ ಬಂದಿತ್ತು. ಮಿರಜಕ್ಕೂ ಕುಪವಾಡಕ್ಕೂ ನಡುವಿನ ಹರವು ನನ್ನ ಪಾಲಿಗೆ ಬಿತ್ತು. ಅಲ್ಲಿ ಕನ್ನಡ ಮಾತಾಡುವ ಮನೆಗಳು ಬಹಳ. ಕಚೇರಿಯಲ್ಲಿ ಕನ್ನಡ ಬರುವವಳು ನಾನೊಬ್ಬಳೇ.

ಕೆಲಸದ ವಿಧಾನ ಕೇಳಲು ಸುಲಭ, ಮಾಡಲು ಬೇಸರದ್ದು. ರಸ್ತೆಯಲ್ಲಿ ನಿಂತು ನೋಡಿದರೆ ಕಣ್ಣಿಗೆ ಎಲ್ಲಿಯವರೆಗೆ ನೇರ ಕಾಣುತ್ತದೋ ಅಲ್ಲಿಯವರೆಗೆ ಒಂದು ಗೆರೆ. ತಿರುಗಿದರೆ ಹೊಸ ಗೆರೆ. ಹೀಗೆ ಊರಿನ ಎಲ್ಲ ಓಣಿಗಳೂ ಗೆರೆಗಳಾದ ಮೇಲೆ, ಒಂದೊಂದು ಗೆರೆಯಿಂದ ಉಳಿದೆಲ್ಲ ಗೆರೆಗಳಿಗೆ ಹೋಗಲು ಎಷ್ಟು ಸಲ ತಿರುಗಬೇಕೆಂದು ಕಂಪ್ಯೂಟರ್ ಎಣಿಸುತ್ತದೆ. ಕಡಿಮೆ ತಿರುವಿನಲ್ಲಿ ಸಿಗುವ ಓಣಿ ಕೆಂಪು ಬಣ್ಣ ಪಡೆಯುತ್ತದೆ. ತಿರುಗಿ ತಿರುಗಿ ಸಾಕಾದ ಮೇಲೆ ಸಿಗುವುದು ನೀಲಿ. ಇದರಲ್ಲಿ ದೂರದ ಲೆಕ್ಕವಿಲ್ಲ. ಒಬ್ಬ ಅಪರಿಚಿತ ಸುಮ್ಮನೆ ನಡೆಯುತ್ತಾ ನಿಮ್ಮ ಮನೆಯ ಮುಂದೆ ಹಾದುಹೋಗುವ ಸಾಧ್ಯತೆ ಎಷ್ಟು ಎನ್ನುವುದರ ಲೆಕ್ಕ ಇದು.

ಹಳೆಯ ಮಿರಜದಲ್ಲಿ ಓಣಿಗಳು ಎಷ್ಟು ಸೊಟ್ಟಗಿದ್ದರೂ ಒಂದರೊಳಗೊಂದು ಕೂಡಿಕೊಂಡಿವೆ. ಸಿತಾರ್ ಮಾಡುವವರ ಓಣಿಯಲ್ಲಿ ಒಣಗಲು ಇಟ್ಟ ಸೋರೆಬುರುಡೆಗಳ ಮುಂದಿನಿಂದ ವಕೀಲರೂ ಹೋಗುತ್ತಾರೆ, ಕೈಗಾಡಿಯವರೂ ಹೋಗುತ್ತಾರೆ. ಊರು ಹೊರಕ್ಕೆ ಬೆಳೆದಂತೆ ಚಿತ್ರ ಬದಲಾಗುತ್ತದೆ. ಒಬ್ಬೊಬ್ಬರ ಹೊಲ ಒಂದೊಂದು ಲೇಔಟ್ ಆಯಿತು. ಒಂದೊಂದು ಲೇಔಟಿಗೂ ತನ್ನದೇ ರಸ್ತೆ, ತನ್ನದೇ ಕಮಾನು. ಹಿಂದಿನ ಹೊಲದ ಬದು ಬಂದಲ್ಲಿ ರಸ್ತೆ ಮುಗಿಯಿತು. ಅದರಾಚೆ ಗುಂಟೆ ಲೆಕ್ಕದಲ್ಲಿ ಹೊಲ ಕೊಂಡು, ಯಾವ ಮಂಜೂರಾತಿಯೂ ಇಲ್ಲದೆ ಮನೆ ಕಟ್ಟಿಕೊಂಡವರ ವಸತಿ. ಇಲ್ಲಿನವರು ಅದನ್ನು ಗುಂಠೇವಾರಿ ಅನ್ನುತ್ತಾರೆ. ನಾನು ನಿಂತಿದ್ದ ಗೋಡೆ ಅಂಥ ಒಂದು ಕಾಲನಿಗೂ ಅಂಥ ಒಂದು ಗುಂಠೇವಾರಿಗೂ ನಡುವಿನದು.

ಸ್ಕೂಟರಿನ ಮೇಲೆ ಕಾಲನಿಯ ಕಮಾನು ದಾಟಿ, ಮಿರಜದ ದೊಡ್ಡ ರಸ್ತೆಗೆ ಬಂದು, ಕುಪವಾಡದ ಕಾರ್ಖಾನೆಗಳಿಗೆ ಹೋಗುವ ಲಾರಿಗಳ ಮಗ್ಗುಲಲ್ಲಿ ಸಾಗಿ, ಹಳ್ಳದ ಮೇಲಿನ ಸಣ್ಣ ಸೇತುವೆ ದಾಟಿ ಒಳಗೆ ಹೊಕ್ಕೆ. ದಾರಿ ಕಿರಿದು, ತುಂಬ ಮಕ್ಕಳು ಆಡುತ್ತಿದ್ದರು; ಕೊನೆಗೆ ಸ್ಕೂಟರ್ ನಿಲ್ಲಿಸಿ ನಡೆದೆ. ರೊಟ್ಟಿಯ ಸದ್ದು ಸಿಕ್ಕಿದ್ದು ಕಟ್ಟಕಡೆಯ ಮನೆಯಲ್ಲಿ. ಪತ್ರಾಸ್ ತಗಡಿನ ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಕೂತಿದ್ದರು. ನಡುವೆ ಕೂತಿದ್ದ ಐವತ್ತರ ಆಸುಪಾಸಿನ ಹೆಂಗಸು ಕೈ ನಿಲ್ಲಿಸದೆಯೇ ನನ್ನನ್ನು ನೋಡಿದರು.

"ಏನ್ ಅಳತಿ ಮಾಡಾಕತ್ತೀ ತಂಗಿ? ನಳ ಹಾಕ್ತಾರೇನ?"

"ನಳ ಅಲ್ಲ ಮಾವಶಿ. ಓಣಿ ಎಲ್ಲಿಂದ ಎಲ್ಲಿಗಿ ಹೋಗ್ತಾವ ಅಂತ ನೋಡಾಕತ್ತೇನಿ."

"ನಮ್ಮ ಓಣಿ ಎಲ್ಲಿಗೂ ಹೋಗೂದಿಲ್ಲ. ಗ್ವಾಡಿಗಿ ಹೋಗಿ ನಿಂತೈತಿ," ಎಂದು ಅವರು ನಕ್ಕರು. ಮಿಕ್ಕವರೂ ನಕ್ಕರು. "ಕುಂದರು. ಬಿಸೀದೈತಿ, ಒಂದ ರೊಟ್ಟಿ ತಿನ್ನು."

ಮಾವಶಿ ಎಂದರೆ ಇಲ್ಲಿ ಚಿಕ್ಕಮ್ಮ; ನಾನು ಹಾಗೆ ಕರೆದ ಆಕೆ ಜತ್ತ ಕಡೆಯ ಹಳ್ಳಿಯವರು. ಮನೆತನದಲ್ಲಿ ಕುರಿ ಇದ್ದವು, ಗಂಡನಿಗೆ ಕುಪವಾಡದ ಫೌಂಡ್ರಿಯಲ್ಲಿ ಕೆಲಸ ಸಿಕ್ಕಾಗ ಇಲ್ಲಿಗೆ ಬಂದರು. ಮಿರಜದ ದವಾಖಾನೆಗಳಿಗೆ ಅಥಣಿ, ಜಮಖಂಡಿ, ವಿಜಯಪುರದ ಕಡೆಯಿಂದ ರೋಗಿಗಳು ಬರುತ್ತಾರಲ್ಲ, ಅವರ ಜೊತೆಗೆ ಬಂದವರಿಗೆ ಜೋಳದ ರೊಟ್ಟಿ ಬೇಕು. ಮಾವಶಿ ಮತ್ತು ಓಣಿಯ ಹೆಂಗಸರು ರೊಟ್ಟಿ ಮಾಡಿ ಬುಟ್ಟಿಯಲ್ಲಿ ಹೊತ್ತು ದವಾಖಾನೆಯ ಬೀದಿಗೆ ಒಯ್ಯುತ್ತಿದ್ದರು. ಮೊದಲು ಕಾಲನಿಯೊಳಗಿಂದ ನೆಟ್ಟಗೆ ಹೋಗುತ್ತಿದ್ದರಂತೆ. ಗೋಡೆ ಬಂದಮೇಲೆ ನಾನು ಬಂದ ಲಾರಿ ರಸ್ತೆಯೇ ಗತಿ.

"ಹೋಗೂದ್ರಾಗ ರೊಟ್ಟಿ ಆರ್ತಾವ," ಎಂದರು ಮಾವಶಿ. "ದವಾಖಾನ್ಯಾಗ ಕುಂತಾವ್ರಿಗಿ ಬಿಸಿ ರೊಟ್ಟಿ ಕೊಟ್ರ ಮಾರಿ ಮ್ಯಾಲ ಕಳಿ ಬರ್ತೈತಿ. ಆರಿದ್ದು ಕೊಟ್ರ ಸುಮ್ನ ಹೊಟ್ಟಿ ತುಂಬ್ತೈತಿ, ಅಷ್ಟ."

ಕಚೇರಿಗೆ ಬಂದು ಗೆರೆ ತಿದ್ದಿ ಕಂಪ್ಯೂಟರಿಗೆ ಕೊಟ್ಟೆ. ಬಣ್ಣ ಬಂದಾಗ ಪಕ್ಕದ ಮೇಜಿನವರೂ ಎದ್ದು ಬಂದು ನೋಡಿದರು. ಕಾಲನಿಯ ನಡುರಸ್ತೆ ಕೇಸರಿ, ಗೋಡೆಯಾಚೆಯ ಓಣಿ ಕಡುನೀಲಿ. ಅವುಗಳ ನಡುವೆ ಇಟ್ಟಿಗೆಯೊಂದರ ದಪ್ಪ. ನಕ್ಷೆಯಲ್ಲಿ ಮಾತ್ರ ಅವು ಎರಡು ಬೇರೆ ಊರುಗಳಂತೆ ಕೂತಿದ್ದವು. ನನ್ನ ಹರವಿನಲ್ಲಿ ಇಂಥ ಜಾಗ ಇದೊಂದೇ ಆಗಿರಲಿಲ್ಲ. ಹುಡುಕುತ್ತಾ ಹೋದಂತೆ ಎಲ್ಲೆಲ್ಲಿ ಸಣ್ಣ ಮನೆಗಳ ವಸತಿ ಇತ್ತೋ ಅಲ್ಲೆಲ್ಲ ಗೆರೆಗಳು ಮುಂದಿನ ಲೇಔಟಿನ ಬೆನ್ನಿಗೆ ಬಂದು ಮುಗಿಯುತ್ತಿದ್ದವು. ಈ ಊರಿನಲ್ಲಿ ಬಡವರು ದೂರ ಹೋಗಿ ನೆಲೆಸಿಲ್ಲ, ಪಕ್ಕದಲ್ಲೇ ಇದ್ದಾರೆ. ಪಕ್ಕದಲ್ಲಿದ್ದೂ ಅವರನ್ನು ಭೇಟಿಯಾಗುವ ದಾರಿ ಇಲ್ಲ.

ನಮ್ಮ ಕಚೇರಿಯ ಮುಖ್ಯಸ್ಥರು ಅರವತ್ತು ದಾಟಿದವರು, ಗಟ್ಟಿ ದನಿಯವರು. ಕೆಲಸ ಚೆನ್ನಾಗಿದ್ದರೆ ಹೊಗಳುವುದಿಲ್ಲ, ನಮ್ಮ ಡಬ್ಬಿಯಿಂದ ಒಂದು ತುತ್ತು ತೆಗೆದುಕೊಂಡು ತಿನ್ನುತ್ತಾರೆ. ಅವತ್ತು ನನ್ನ ಡಬ್ಬಿಯಿಂದ ಎರಡು ತುತ್ತು ಹೋಯಿತು. ಆಮೇಲೆ ಅವರು ಕೆಂಪು ಪೆನ್ನಿನಿಂದ ಕಾಲನಿಯ ರಸ್ತೆಯನ್ನು ಗೋಡೆ ದಾಟಿಸಿ, ವಸತಿಯ ಮೇಲೆ ಹಾಯಿಸಿ, ಹಳ್ಳದ ಸೇತುವೆಗೆ ನೆಟ್ಟಗೆ ಜೋಡಿಸಿದರು. ಲಾರಿ ಹೋಗುವಷ್ಟು ಅಗಲದ ರಸ್ತೆ. "ಹೀಗೆ ಮಾಡಿದರೆ ನೀಲಿ ಹೋಗುತ್ತದೆ," ಎಂದರು.

ಹೋಗುತ್ತಿತ್ತು, ನಿಜ. ಆ ಕೆಂಪು ಗೆರೆ ರೊಟ್ಟಿ ಚಪ್ಪರದ ಸಾಲಿನ ಮೇಲೆಯೇ ಹಾದುಹೋಗಿತ್ತು.

ಮನೆಗಳು ಹೋಗುತ್ತವೆ ಸರ್, ಎಂದೆ. ಮಂಜೂರಾತಿಯೇ ಇಲ್ಲದ ಮನೆಗಳು, ಬೇರೆ ಕಡೆ ಜಾಗ ಕೊಡುವುದನ್ನು ಯೋಜನೆಯಲ್ಲೇ ಬರೆಯೋಣ ಎಂದರು. ಅವರು ಕಠಿಣ ಮನುಷ್ಯರಲ್ಲ. ಅವರ ಲೆಕ್ಕದಲ್ಲಿ ಅದು ವಸತಿಗೆ ಉಪಕಾರವೇ. ಗೋಡೆಯಲ್ಲಿ ಬರೀ ಒಂದು ಸಂದು ಬಿಡಿಸಿದರೆ ಸಾಲದೇ ಎಂದು ಕೇಳಿದೆ. ಲೇಔಟಿನ ಮಂಜೂರಾದ ನಕ್ಷೆಯಲ್ಲಿ ಆ ರಸ್ತೆಯ ತುದಿ ತೆರೆದೇ ಇರಬೇಕಿತ್ತು. ಕಾನೂನಿನ ಬಲ ನಮ್ಮ ಕಡೆಯೇ ಇತ್ತು. "ಕೋರ್ಟಿಗೆ ಹೋದರೆ ನಾನು ನಿವೃತ್ತನಾದ ಮೇಲೂ ಆ ಗೋಡೆ ನಿಂತಿರುತ್ತದೆ," ಎಂದರು ಅವರು. "ಕರಡು ಕಳಿಸುವುದರೊಳಗೆ ಕಾಲನಿಯವರೇ ಒಪ್ಪಿ ತೆರೆದರೆ ಈ ಗೆರೆ ಅಳಿಸುತ್ತೇನೆ. ಇಲ್ಲದಿದ್ದರೆ ಅದು ಹೋಗುತ್ತದೆ."

ಕಾಲನಿಯ ಸೊಸೈಟಿಯ ಅಧ್ಯಕ್ಷರು ರೈಲ್ವೆಯಿಂದ ನಿವೃತ್ತರಾದವರು. ಮಿರಜದ ಹಳೆಯ ಕನ್ನಡ ಜೈನ ಮನೆತನ. ಗೋಡೆಯ ಪಕ್ಕದ, ನುಗ್ಗೆಗಿಡದ ಮನೆಯೇ ಅವರದು. ನಾನು ಮರಾಠಿಯಲ್ಲಿ ಶುರುಮಾಡಿದೆ. ನನ್ನ ಅಡ್ಡಹೆಸರು ಕೇಳಿ ಅವರೇ ಕನ್ನಡಕ್ಕೆ ಬಂದರು. ಅವರ ಹೆಂಡತಿ ಕೋಲು ಊರಿಕೊಂಡು ಬಂದು ಎದುರಿಗೆ ಕೂತರು. ಹತ್ತು ನಿಮಿಷಕ್ಕೆ ನಾನು ಅವರನ್ನು ಕಾಕಾ, ಕಾಕು ಎನ್ನುತ್ತಿದ್ದೆ.

ಗೋಡೆಯ ಮಾತು ಬಂದಾಗ ಕಾಕಾ ಬಿಗಿಯಾದರು.

"ಆ ಗ್ವಾಡಿ ಯಾಕ ಕಟ್ಟೇವಿ ಅಂತ ಗೊತ್ತೈತೇನು ನಿಮಗ? ಕಾರ್ಖಾನಿ ಶಿಫ್ಟ್ ಬಿಡೂದಕ್ಕ ಇಲ್ಲಿ ಮೋಟರ್‌ಸೈಕಲ್ ಹೊಳಿ ಹರದಂಗ ಹರೀತಿದ್ದು. ಒಂದಿನ ಈಕಿ ಹೂವಿಗಿ ನೀರ ಹಾಕಾಕ ಗೇಟಿನ ಹೊರಗ ನಿಂತಿದ್ಲು. ಒಬ್ಬಾಂವ ಗಾಡಿ ಮ್ಯಾಲ ಬಂದು ಹೊಡದಾನ. ಹೊಡದಾಂವ ನಿಂದ್ರಲೂ ಇಲ್ಲ. ಎರಡ ಸಲ ಗುಡಘಿ ಆಪರೇಶನ್ ಆತು. ಆ ಗ್ವಾಡಿ ಈಕಿ ಸಲುವಾಗಿ ಕಟ್ಟಿಸಿದ್ದು ನಾನು."

ಕಾಕು ತಮ್ಮ ಮೊಣಕಾಲನ್ನು ಸವರಿಕೊಳ್ಳುತ್ತಿದ್ದರು. ಕಾಕಾ ಫೋನು ಬಂದು ಒಳಗೆ ಹೋದಾಗ ಅವರು ನನ್ನತ್ತ ಬಾಗಿದರು.

"ನೀ ಆ ಕಡೆ ಹೋಗಿದ್ದಿ ಅಂದ್ಯಲ್ಲ, ದಿನಾ ಮುಂಜಾನಿ ರೊಟ್ಟಿ ಬಡೀತಾರಲ್ಲ, ಯಾರವರು?"

ಹೇಳಿದೆ. ಅವರು ಮೈಯೆಲ್ಲ ಕಿವಿಯಾಗಿ ಕೇಳಿದರು. ಅವರ ತವರು ಅಥಣಿಯ ಹತ್ತಿರದ ಹಳ್ಳಿ. ಕಾಲನಿಯಲ್ಲಿ ಎಲ್ಲರೂ ಮರಾಠಿ. ಮೊಮ್ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ಕಾಲು ಹೋದ ಮೇಲೆ ಬಸದಿಗೆ ಹೋಗುವುದೂ ಅಪರೂಪ. "ಅವರೊಳಗ ಒಬ್ಬಾಕಿ ಹಾಡ್ತಾಳ," ಎಂದರು ಕಾಕು. "ನಮ್ಮೂರ ಕಡೆ ಬೀಸುವಾಗ ಹಾಡೂ ಹಾಡು. ನಡಕ ಒಂದ ಸಾಲು ತಪ್ಪಸ್ತಾಳ. ದಿನಾ ಅದ ಸಾಲು ತಪ್ಪಸ್ತಾಳ. ನನಗ ಇಲ್ಲಿಂದ ಕೂಗಿ ಹೇಳಬೇಕು ಅನ್ನಿಸ್ತೈತಿ."

ಆ ವಾರಾಂತ್ಯಕ್ಕೆ ಕಾಲನಿಯವರ ಸಭೆ ಕರೆಸಿದೆ. ಸಭಾಂಗಣದ ಗೋಡೆಯ ಮೇಲೆ ಬಣ್ಣದ ನಕ್ಷೆ ಹಾಕಿ, ತಿರುವು, ಜೋಡಣೆ, ಹರಿವು ಎಂದೆಲ್ಲ ವಿವರಿಸಿದೆ. ಜನ ನಕ್ಷೆಯಲ್ಲಿ ತಮ್ಮ ಮನೆ ಹುಡುಕಿದರು. ಒಬ್ಬರು ಎದ್ದು, ಗೋಡೆ ಒಡೆದರೆ ಪ್ಲಾಟಿನ ದರ ಇಳಿಯುತ್ತದೆ ಎಂದರು. ಇನ್ನೊಬ್ಬರು ಕಳ್ಳತನದ ಮಾತೆತ್ತಿದರು. ಜನ ಓಡಾಡುವ ಬೀದಿಯಲ್ಲೇ ಕಣ್ಣು ಹೆಚ್ಚು ಇರುತ್ತವೆ, ಕುರುಡು ತುದಿಯ ರಸ್ತೆಯೇ ಕಳ್ಳನಿಗೆ ಅನುಕೂಲ ಎಂದೆ. "ಆ ಕಡೆ ಮಂದಿ ಈ ಕಡೆ ಬಂದರೆ ಎಂಥ ಕಣ್ಣು ಬರುತ್ತವೆ ನಮಗೆ ಗೊತ್ತು," ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು, ಕೆಲವರು ನಕ್ಕರು. ಕಾಕಾ ನಗಲಿಲ್ಲ. ಕೈ ಎತ್ತಿಸಿದರು. ನನ್ನ ಪರವಾಗಿ ಕೈ ಎತ್ತಿದ್ದು ಒಬ್ಬ ಕಾಲೇಜು ಹುಡುಗಿ, ಅವಳ ಅಮ್ಮ ಅದನ್ನೂ ಕೆಳಗಿಳಿಸಿದರು.

ಪ್ರೊಜೆಕ್ಟರ್ ಚೀಲಕ್ಕೆ ತುಂಬಿಕೊಂಡು ಹೊರಗೆ ಬಂದಾಗ ಬಹಳ ಪೆಚ್ಚಾಗಿತ್ತು. ಮಾವಶಿಯ ಓಣಿಗೆ ಹೋಗುವ ಧೈರ್ಯವೂ ಬರಲಿಲ್ಲ. ಅವರ ಮನೆಯ ಮೇಲೆ ಒಂದು ಗೆರೆ ಇದೆ ಎಂಬುದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಕಾಕು ಫೋನು ಮಾಡಿದರು. ಕಾಕಾ ಪಿಂಚಣಿ ಕೆಲಸಕ್ಕೆ ಹೋಗಿದ್ದರಂತೆ.

"ನನ್ನ ಆ ಕಡೆ ಕರಕೊಂಡ ಹೋಗ್ತೀಯೇನು?"

"ಕಾಕು, ಸುತ್ತಿ ಹೋಗಬೇಕು. ನಿಮ್ಮ ಕಾಲು..."

"ಕಾಲಿಗೇನಾಗೂದಿಲ್ಲ. ರಿಕ್ಷಾ ತಗೊಂಡ ಬಾ."

ರಿಕ್ಷಾದವನು ಎಲ್ಲಿಗೆಂದು ಕೇಳಿದ. ಕಾಕು ಕೋಲಿನಿಂದ ತಮ್ಮ ಮನೆಯ ಮಗ್ಗುಲಿನ ಗೋಡೆ ತೋರಿಸಿ, "ಇದರ ಬೆನ್ನಿಗೆ," ಎಂದರು. ಅವನು ಗೋಡೆ ನೋಡಿದ, ನಮ್ಮನ್ನು ನೋಡಿದ, ಗಾಡಿ ಶುರುಮಾಡಿದ. ಲಾರಿಗಳ ನಡುವೆ ಕಾಕು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು. ಒಂದು ಲಾರಿ ಮೈಗೆ ತಾಗುವಂತೆ ಹಾದುಹೋದಾಗ ಕಣ್ಣು ಮುಚ್ಚಿ, "ತಲಿ ಮ್ಯಾಲ ಬುಟ್ಟಿ ಇಟ್ಟಕೊಂಡು ಇದರಾಗ ನಡೀತಾರೇನ ಅವರು?" ಎಂದು ಕೇಳಿದರು. ಸೇತುವೆ ದಾಟಿ ರಿಕ್ಷಾ ನಿಂತಿತು. ಉಳಿದ ದಾರಿ ನಿಧಾನವಾಗಿ ನಡೆದೆವು, ಎರಡು ಕಡೆ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಂಡು.

ಚಪ್ಪರದ ಮುಂದೆ ಬಂದಾಗ ಕಾಕು ಮೊದಲು ನೋಡಿದ್ದು ಮೇಲೆ. ಗಾಜಿನ ಚೂರುಗಳ ಮೇಲಿಂದ ಟೊಂಗೆ ಇತ್ತ ಇಳಿಬಿದ್ದಿತ್ತು.

"ಇದು ನಮ್ಮನೀ ನುಗ್ಗಿಗಿಡ ಅಲ್ಲೇನ!"

ಮಾವಶಿ ಗಾಬರಿಯಾಗಿ ಎದ್ದರು. "ಯವ್ವಾ, ನಿಮ್ದೇನ್ರಿ ಗಿಡ? ಈ ಕಡೆ ಬಂದಿದ್ದಷ್ಟ ಹರಕೊಂಡೇವ್ರಿ. ಮ್ಯಾಲ ಹತ್ತಿಲ್ರಿ."

"ತಿಂದ್ರೇನಾತ? ಈ ಕಡೆ ಬಿಸಲು ಬೀಳ್ತೈತಿ, ಕಾಯಿ ಜಾಸ್ತಿ ಬಿಡ್ತಾವ. ನಮ್ಮ ಕಡೆ ಬರೀ ತಪ್ಪಲು," ಎಂದು ಕಾಕು ನಕ್ಕು, ಕೊಟ್ಟ ಮಣೆಯ ಮೇಲೆ ಕೂತರು. ಆಮೇಲೆ ಅತ್ತಿತ್ತ ನೋಡಿ, "ಹಾಡಾಕಿ ಯಾರು?" ಎಂದು ಕೇಳಿದರು.

ಹಾಡುವವಳು ಮಾವಶಿಯ ಸೊಸೆ. ತಪ್ಪಿಹೋಗುತ್ತಿದ್ದ ಸಾಲನ್ನು ಕಾಕು ಮೆಲ್ಲಗೆ ಹಾಡಿ ತೋರಿಸಿದರು. ಅವಳು ನಾಚಿಕೊಂಡು ಎರಡು ಸಲ ಹೇಳಿಸಿಕೊಂಡಳು. ಚಹಾ ಮಾಡಲೇ ಎಂದಾಗ ಕಾಕು ತಡವರಿಸಿದ್ದನ್ನು ನೋಡಿದೆ. ಅವರು ಸೋಸಿ ಕಾಯಿಸಿದ ನೀರಲ್ಲದೆ ಬೇರೆ ಮುಟ್ಟುವವರಲ್ಲ. ಮಾವಶಿಗೂ ತಿಳಿಯಿತೋ ಏನೋ. "ಹಿಟ್ಟ ಹದಾ ಮಾಡಾಕ ಯಾವತ್ತೂ ಕುದಿಯೂ ನೀರ ಇರ್ತೈತ್ರಿ ನಮ್ಮಲ್ಲೆ. ನಿಮ್ಮ ಕಣ್ಣೆದುರಿಗೇ ಅರಬಿಲೆ ಸೋಸಿ ಕೊಡ್ತೇನಿ," ಎಂದರು. ಕಾಕು ತಮ್ಮ ಸೆರಗಿನ ತುದಿ ನೋಡಿಕೊಂಡು, ಬಿಳಿ ಪಂಜೆಯ ತುಂಡೊಂದು ಸಿಕ್ಕರೆ ಚಲೋ ಎಂದರು. ಸಿಕ್ಕಿತು. ಚಹಾ ಆಯಿತು.

ಕುಡಿಯುತ್ತಿದ್ದಾಗ ನಾನು ಹೇಳಬೇಕಾದ್ದನ್ನು ಹೇಳಿದೆ. ಗೋಡೆ ಹಾಗೇ ಇದ್ದರೆ ಕರಡಿನಲ್ಲಿ ಒಂದು ದೊಡ್ಡ ರಸ್ತೆ ಹೋಗುತ್ತದೆ, ಅದು ಎಲ್ಲಿಂದ ಎಲ್ಲಿಗೆ ಎಂದು ನೆಲದ ಮೇಲೆ ಕೈಯಿಂದ ತೋರಿಸಿದೆ. ರೊಟ್ಟಿಯ ಸದ್ದು ಒಮ್ಮೆಲೇ ನಿಂತಿತು.

"ನಮ್ಮ ಮನಿ ಮ್ಯಾಲ ಗೆರಿ ಎಳದೀರೇನು?" ಎಂದರು ಮಾವಶಿ. ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. "ಈ ಮನಿ ಇಟ್ಟಂಗಿ ಒಂದೊಂದ ಹೊತ್ತ ತಂದೇವಿ ತಂಗಿ. ಇಟ್ಟಂಗಿ ಗಾಡಿ ಈ ಓಣಿಗಿ ಬರೂದ ಇಲ್ಲ."

"ಅವರಿಗಿ ಬೇಕಾಗಿದ್ದು ದಾರಿ," ಎಂದರು ಕಾಕು ನನ್ನ ಕಡೆ ತಿರುಗಿ. "ನೀವು ರಸ್ತಾ ಯಾಕ ಮಾಡ್ತೀರಿ? ನನ್ನ ಕಾಲ ಮುರದ ಮೋಟರ್‌ಸೈಕಲ್ ಮತ್ತ ಬರ್ತಾವ."

ಮಾವಶಿ ದನಿಗೂಡಿಸಿದರು. "ಆ ಮೋಟರ್‌ಸೈಕಲ್ ನಮಗೂ ಬ್ಯಾಡ್ರಿ. ಶಿಫ್ಟ್ ಬಿಟ್ಟಾಗ ಇಲ್ಲಿಂದನ ಹಾದ ಹೋಗ್ತಿದ್ರು. ನಮ್ಮ ಕೂಸಗೋಳ ಹೊರಗ ಆಡಾಕ ಬಿಡ್ತಿದ್ದಿಲ್ಲ ನಾವು. ಮಂದಿ ನಡದ ಹೋಗುವಷ್ಟ ಬಿಟ್ರ ಸಾಕು."

ಅಷ್ಟು ದಿನ ನಾನು ಗೋಡೆ ಬೇಕು, ಗೋಡೆ ಬೇಡ ಎಂಬ ಎರಡೇ ಲೆಕ್ಕದಲ್ಲಿ ವಾದಿಸುತ್ತಿದ್ದೆ. ಎರಡೂ ಮಗ್ಗುಲಿನವರು ಹೆದರುತ್ತಿದ್ದದ್ದು ಒಂದಕ್ಕೇ ಎಂಬುದು ಅಲ್ಲಿ ಕೂತಾಗ ಕಂಡಿತು. ಕಚೇರಿಗೆ ಹೋಗಿ ನನ್ನ ಭಾಗದ ಕರಡಿನಿಂದ ರಸ್ತೆ ಎಂಬ ಮಾತನ್ನೇ ತೆಗೆದೆ. ಗಾಡಿ ಹೋಗದ, ಮನುಷ್ಯರು ಮಾತ್ರ ಹೋಗುವ ಸಂದು ಎಂದು ಬರೆದೆ. ಮುಖ್ಯಸ್ಥರು ಓದಿ, ರಸ್ತೆ ಯೋಜನೆಯಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ ಎಂದರು. ನಮ್ಮ ಕಂಪ್ಯೂಟರಿಗೆ ಗಾಡಿ ಗೊತ್ತಿಲ್ಲ ಸರ್, ಅದು ಎಣಿಸುವುದು ತಿರುವುಗಳನ್ನು ಎಂದೆ. ಆ ಸಂದು ಸೇರಿಸಿ ಲೆಕ್ಕ ಮಾಡಿಸಿದೆ. ಕಡುನೀಲಿ ಓಣಿ ಹಸಿರಾಯಿತು. ಅವರು ಬಹಳ ಹೊತ್ತು ಪರದೆ ನೋಡಿ, "ಬೈಕ್ ಹೋಗದ ಹಾಗೆ ಹೇಗೆ ಮಾಡುತ್ತೀ?" ಎಂದರು. ಅದು ನನಗೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಕಾಕಾಗೆ. ಕಾಕು ಆ ದಿನ ಸಂಜೆ ತಾವು ಹೋಗಿಬಂದದ್ದನ್ನು ಗಂಡನಿಗೆ ಹೇಳಿದ್ದರು. ನಾನು ಹೋದಾಗ ಕಾಕಾ ಬಾಗಿಲಲ್ಲೇ, "ಈ ಕಾಲು ತಗೊಂಡು ಲಾರಿ ರಸ್ತಾಕ್ಕ ಹೋಗಿದ್ಲು," ಎಂದು ದೂರಿದರು. ಆಮೇಲೆ ಕುರ್ಚಿ ಎಳೆದುಕೊಂಡು, "ರೈಲ್ವೆ ಗೇಟಿನ ಮಗ್ಗಲಿಗೆ ಮಂದಿ ಹಾಯೂದಕ್ಕ ಸೊಟ್ಟ ಸಂದ ಇರ್ತೈತಲ್ಲ, ಅಂಥಾದ್ದೇನ ನೀವು ಹೇಳೂದು?" ಎಂದರು.

"ಅದರಾಗೂ ಬೈಕ್ ತೂರಸ್ತಾರ ಕಾಕಾ."

"ತೂರಸ್ತಾರ. ಅಳತಿ ತಪ್ಪಿದ್ರ ತೂರಸ್ತಾರ. ಅಳತಿ ನಾ ತೋರಸ್ತೇನಿ, ಬರ್ರಿ."

ಮರುದಿನ ಬೆಳಿಗ್ಗೆ ಅವರ ಮನೆಯ ಮುಂದೆ ರಸ್ತೆಯಲ್ಲಿ ಊಟದ ಮನೆಯ ಕುರ್ಚಿಗಳು, ಎರಡು ಬೆಂಚುಗಳು, ಬಟ್ಟೆ ಒಣಹಾಕುವ ಹಗ್ಗ ಎಲ್ಲ ಬಂದವು. ಎದುರು ಬದುರಾಗಿ ಎರಡು ಅಡ್ಡಗೋಡೆಗಳು ಬರಬೇಕು, ಒಂದರ ತುದಿ ಇನ್ನೊಂದರ ತುದಿಯನ್ನು ದಾಟಿ ಮುಂದೆ ಬರಬೇಕು. ನಡೆಯುವವರು ಒಳಹೊಕ್ಕು ಒಮ್ಮೆ ತಿರುಗಿ ಹೊರಬರಬೇಕು. ನೆರೆಮನೆಯ ತರುಣನೊಬ್ಬನನ್ನು ಬೈಕ್ ತಂದು ತೂರಿಸಿ ನೋಡು ಎಂದು ಕಾಕಾ ಕರೆದರು. ಅವನು ಮೊದಲ ಸಲ ಆರಾಮಾಗಿ ತೂರಿಸಿದ. ಕುರ್ಚಿಗಳನ್ನು ಒಳಕ್ಕೆ ಸರಿಸಿದೆವು. ಹಿಂದಿನ ಗಾಲಿ ಎತ್ತಿಟ್ಟು ಮತ್ತೆ ತೂರಿಸಿದ. ಇನ್ನೂ ಸರಿಸಿದಾಗ ಬೈಕ್ ಸಿಕ್ಕಿಕೊಂಡಿತು. ಆದರೆ ಆ ಸಂದಿನಲ್ಲಿ ಮಾವಶಿಯ ಬುಟ್ಟಿಯೂ ಹೋಗುವಂತಿರಲಿಲ್ಲ. ಕಾಲನಿಯ ಇನ್ನೊಂದು ಮನೆಯಿಂದ ತಂದ ಗಾಲಿಕುರ್ಚಿಯೂ ಹೋಗಲಿಲ್ಲ.

ಅಷ್ಟರಲ್ಲಿ ನಾಲ್ಕಾರು ಮನೆಗಳವರು ಹೊರಗೆ ಬಂದು ನೋಡುತ್ತಿದ್ದರು. ಸಭೆಯಲ್ಲಿ ಪ್ಲಾಟಿನ ದರದ ಮಾತಾಡಿದವರು ಹಲ್ಲುಜ್ಜುತ್ತಲೇ ಬಂದು, ಕುರ್ಚಿ ಆ ಕಡೆ ಇಡಬೇಕಿತ್ತು ಎಂದು ಕೈ ಮಾಡಿ ತೋರಿಸತೊಡಗಿದರು. ನಾನು ಗಾಲಿಕುರ್ಚಿಯಲ್ಲಿ ಕೂತು ಎರಡು ಬೆಂಚುಗಳ ನಡುವೆ ಸಿಕ್ಕಿಹಾಕಿಕೊಂಡು ಹಿಂದೆ ಮುಂದೆ ಆಡುತ್ತಿದ್ದಾಗ, ಒಂದು ವಿಷಯ ಹೊಳೆಯಿತು. ಗಾಲಿಕುರ್ಚಿ ನಿಂತಲ್ಲೇ ತಿರುಗುತ್ತದೆ. ಬೈಕ್ ತಿರುಗುವುದಿಲ್ಲ. ಸಂದನ್ನು ಕಿರಿದು ಮಾಡುವುದು ಬೇಡ, ತಿರುವಿನ ಜಾಗವನ್ನು ಚೌಕ ಮಾಡಬೇಕು. ಗಾಲಿಕುರ್ಚಿ ತಿರುಗಲು ಸಾಕಾಗುವಷ್ಟು, ಬೈಕಿನ ಉದ್ದಕ್ಕೆ ಸಾಲದಷ್ಟು. ಬೆಂಚುಗಳನ್ನು ಹಾಗಿಟ್ಟೆವು. ನಾನು ಸಲೀಸಾಗಿ ಹೊರಗೆ ಬಂದೆ. ತರುಣ ಮುಂದಿನ ಗಾಲಿ ತೂರಿಸಿದ, ಹ್ಯಾಂಡಲ್ ತಿರುಗಿಸಿದ, ಬೆವರಿದ, ಕೊನೆಗೆ ಹಿಂದಕ್ಕೂ ಬರಲಾಗದೆ ನಿಂತುಬಿಟ್ಟ. ಇಬ್ಬರು ಸೇರಿ ಬೈಕ್ ಎತ್ತಿ ಹೊರತೆಗೆಯಬೇಕಾಯಿತು. ಕಾಕಾ ಚಪ್ಪಾಳೆ ತಟ್ಟಿದರು. "ಆತು! ಹಿಂಗ ಕಟ್ರಿ. ನಾ ನಿಂತ ಕಟ್ಟಸ್ತೇನಿ."

ಎರಡನೆಯ ಸಭೆಗೆ ನಾನು ನಕ್ಷೆ ಒಯ್ಯಲಿಲ್ಲ. ಮಾತಾಡಿದ್ದು ಕಾಕು, ಕೂತಲ್ಲಿಂದಲೇ, ಮರಾಠಿಯಲ್ಲಿ. ಗೋಡೆ ತನ್ನ ಕಾಲಿಗಾಗಿ ಎದ್ದದ್ದು, ಹಾಗಾಗಿ ಅದರ ಬಗ್ಗೆ ಮೊದಲು ಮಾತಾಡುವ ಹಕ್ಕು ತನಗಿದೆ ಎಂದರು. ತಾನು ರಿಕ್ಷಾದಲ್ಲಿ ಹೋದ ದಾರಿಯನ್ನು ಹೇಳಿದರು, ಲಾರಿಗಳನ್ನು ಹೇಳಿದರು. ಆ ಮನೆಗಳ ಮೇಲೆ ಬರಲಿರುವ ರಸ್ತೆ ನಾಳೆ ಈ ಕಾಲನಿಯೊಳಗೂ ಲಾರಿ ತರುತ್ತದೆ ಎಂದೂ ಹೇಳಿದರು. ಅದು ನಾನು ಹೇಳಿಕೊಟ್ಟದ್ದಲ್ಲ. ನನಗೆ ಹೊಳೆದೂ ಇರಲಿಲ್ಲ. ಕೈಗಳು ಎದ್ದವು, ಎಲ್ಲವೂ ಅಲ್ಲ, ಸಾಕಾಗುವಷ್ಟು. ರಾತ್ರಿ ಸಂದಿಗೆ ಬಾಗಿಲು ಹಾಕಬೇಕು ಎಂಬ ಷರತ್ತು ಬಂತು. ಅದು ನನಗೆ ಸೇರಲಿಲ್ಲ. ವಾದಿಸಿದೆ, ಸೋತೆ, ಒಪ್ಪಿದೆ. ಮುಖ್ಯಸ್ಥರು ಕರಡಿನ ಕೆಂಪು ಗೆರೆಯನ್ನು ಮಾತಿನಂತೆ ಅಳಿಸಿದರು. ನನ್ನ ಹರವಿನಲ್ಲಿ ಗೋಡೆಗೆ ಮುಗಿಯುವ ಇತರ ಓಣಿಗಳು ಹಾಗೆಯೇ ಉಳಿದಿವೆ. ಎರಡು ಕಡೆ ಮಾತು ಶುರುವಾಗಿದೆ, ಒಂದು ಕಡೆ ನನ್ನನ್ನು ಕಮಾನಿನೊಳಗೇ ಬಿಟ್ಟಿಲ್ಲ.

ದೀಪಾವಳಿ ಕಳೆದ ಮೇಲೆ, ಗೋಡೆಯಲ್ಲಿ ಕಟ್ಟಿಸಿದ ಹೊಸ ಸಂದಿನಲ್ಲಿ ಓಡಾಟ ಹೇಗಿದೆ ಎಂದು ನೋಡಿಕೊಂಡು ಬರಲು ಒಂದು ಮಧ್ಯಾಹ್ನ ಹೋದೆ. ಕಾಲನಿಯ ಹುಡುಗರು ಆ ಕಡೆಯ ಬಯಲಿಗೆ ಬ್ಯಾಟು ಹಿಡಿದು ಹೋಗುತ್ತಿದ್ದರು. ಆ ಕಡೆಯ ಇಬ್ಬರು ಹುಡುಗಿಯರು ಶಾಲೆಯ ಚೀಲ ಹೊತ್ತು ಈ ಕಡೆಯಿಂದ ಮನೆಗೆ ಮರಳುತ್ತಿದ್ದರು. ಕೆಲಸ ಮುಗಿಸಿ ಹೊರಡುವಾಗ ಕಾಕಾ ಜಗುಲಿಯಲ್ಲಿ ಒಬ್ಬರೇ ಕೂತಿದ್ದು ಕಂಡಿತು.

"ಕಾಕು ಎಲ್ಲಿ?"

"ಅತ್ತಾಗ ಹೋಗ್ಯಾಳ. ದಿನಾ ಹೋಗ್ತಾಳ. ಚಹಾ ನಾನ ಮಾಡಕೊಂಡೇನಿ," ಎಂದರು ಮುಖ ಊದಿಸಿಕೊಂಡು.

"ನೀವೂ ಹೋಗಬೇಕಿಲ್ಲೋ?"

"ನಂದೇನ ಕೆಲಸ ಅಲ್ಲಿ? ನಾ ಕಟ್ಟಿಸಿದ್ದು ಮಂದಿ ಸಲುವಾಗಿ."

ಅಳತೆ ಹಿಡಿದು, ಗೌಂಡಿಯ ಪಕ್ಕ ನಿಂತು ಒಂದೊಂದು ಇಟ್ಟಿಗೆ ಇಡಿಸಿದ ಮನುಷ್ಯ ಇನ್ನೂ ಅದನ್ನು ದಾಟಿರಲಿಲ್ಲ. ನಾನು ಸ್ಕೂಟರಿನ ಕೀಲಿ ತೆಗೆದೆ. ಅವರು ಆಕಾಶ ನೋಡಿದರು. ಹೊತ್ತು ಇಳಿಯತೊಡಗಿತ್ತು, ಅವರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. "ಈಕಿಗಿ ಹೊತ್ತಿನ ಖಬರ ಇರೂದಿಲ್ಲ," ಎಂದು ಗೊಣಗಿ ಚಪ್ಪಲಿ ಮೆಟ್ಟಿಕೊಂಡರು. "ನಡೀರಿ, ನೀವೂ ಬರ್ರಿ. ಒಬ್ಬನ ಹ್ಯಾಂಗ ಹೋಗ್ಲಿ?"

ಸಂದಿನ ಮೊದಲ ಅಡ್ಡಗೋಡೆಯ ಬಳಿ ಅವರು ಸ್ವಲ್ಪ ನಿಂತರು. ಆಮೇಲೆ ಒಳಹೊಕ್ಕು, ಚೌಕದಲ್ಲಿ ತಿರುಗಿ, ಆ ಕಡೆ ಇಳಿದರು. ಅಂಗಳ ಗುಡಿಸುತ್ತಿದ್ದ ಮಾವಶಿಯ ಸೊಸೆಗೆ ಅವರು ಯಾರೆಂದು ತಿಳಿಯಲಿಲ್ಲ.

"ಯಾರ ಬೇಕಾಗಿತ್ರಿ?"

ಕಾಕಾ ಗಂಟಲು ಸರಿಮಾಡಿಕೊಂಡರು. "ನಮ್ಮ ಮನ್ಯಾಕಿ ಇಲ್ಲೆ ಬಂದಾಳೇನ್ರಿ?"

ಚಪ್ಪರದ ಒಳಗಿಂದ ಕಾಕುವಿನ ದನಿ ಬಂತು. "ಯಾಕ, ಅಲ್ಲೇ ನಿಂತ್ರಿ? ಒಳಗ ಬರ್ರಿ."

ಮಾವಶಿ ಹೆಂಚಿನಿಂದ ರೊಟ್ಟಿ ಎತ್ತಿ ತಾಟಿಗೆ ಹಾಕುತ್ತಾ ಹೊರಗೆ ಇಣುಕಿದರು. "ಹೊತ್ತ ಮುಣಗೂದಕ್ಕ ಇನ್ನೂ ಟೈಮ್ ಐತ್ರಿ ಸಾಹೇಬ್ರ. ಕುಂದ್ರಿ."

ಕಾಕಾ ಮತ್ತೊಮ್ಮೆ ಸೂರ್ಯನನ್ನು ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದರು.